ಬೈಲಹೊಂಗಲ ಸೀಮೆಯ ಸೌರದೀಪ: ಒಂದು ಬ್ಯಾಟರಿಯ ಚರಿತ್ರೆ

ಬೈಲಹೊಂಗಲದಿಂದ ಸವದತ್ತಿಗೋ ರಾಮದುರ್ಗಕ್ಕೋ ರಾತ್ರಿಯ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಊರು ಬಂದಾಗ ಬೀದಿದೀಪಗಳ ಸಾಲು ಕಾಣುತ್ತದೆ. ಊರು ದಾಟಿದೊಡನೆ ಎರೆಹೊಲಗಳ ಕತ್ತಲು. ಆ ಕತ್ತಲಿನಲ್ಲಿ ದೂರದೂರಕ್ಕೆ ಒಂದೊಂದು ಬೆಳಕಿನ ಚುಕ್ಕೆ. ಅವು ಹೊಲದ ಮನೆಗಳು. ದನಕರು, ಬಾವಿ, ಬೆಳೆ ನೋಡಿಕೊಳ್ಳಲೆಂದು ಊರು ಬಿಟ್ಟು ಹೊಲದಲ್ಲೇ ನೆಲೆಸಿದ ಕುಟುಂಬಗಳು ಅಲ್ಲಿವೆ. ಆ ಚುಕ್ಕೆಗಳಲ್ಲಿ ಎಲ್ಲವೂ ಕಂಬದ ತಂತಿಯಿಂದ ಬಂದವಲ್ಲ. ಕೆಲವು, ಮಾಳಿಗೆಯ ಮೇಲಿನ ಒಂದು ಫಲಕ ಮತ್ತು ಒಳಗೆ ಮೂಲೆಯಲ್ಲಿ ಕುಳಿತ ಒಂದು ಬ್ಯಾಟರಿಯಿಂದ ಬಂದವು.

ಇಂಥ ಮನೆಯ ವಿದ್ಯುತ್ತಿನ ಮಾತು ಬಂದಾಗ ಎಲ್ಲರ ಕಣ್ಣೂ ಫಲಕದ ಮೇಲೆ. ಪಠ್ಯಪುಸ್ತಕದ ಚಿತ್ರದಲ್ಲಿಯೂ ಅದೇ ದೊಡ್ಡದು. ಬ್ಯಾಟರಿ ಎಂಬುದು ಕೆಳಗಿನ ಮೂಲೆಯಲ್ಲಿ ಒಂದು ಚೌಕ. ನಾವು ಇಲ್ಲಿ ಆ ಚೌಕದ ಕಡೆಯಿಂದ ಚರಿತ್ರೆಯನ್ನು ಓದೋಣ. ಹಾಗೆ ಓದಿದಾಗ ಮಾತ್ರ, ಒಂದೇ ಬಗೆಯ ಫಲಕ ಹಾಕಿಸಿದ ಎರಡು ಮನೆಗಳಲ್ಲಿ ಒಂದರ ದೀಪ ವರ್ಷಗಟ್ಟಲೆ ಉರಿದು ಇನ್ನೊಂದರದು ಬೇಗನೆ ಆರಿದ್ದೇಕೆ ಎಂಬುದು ತಿಳಿಯುತ್ತದೆ.

ಪ್ಯಾರಿಸ್ಸಿನ ಇಬ್ಬರು

ಫಲಕದ ಮೂಲ 1839ರಷ್ಟು ಹಿಂದಕ್ಕೆ ಹೋಗುತ್ತದೆ. ಆ ವರ್ಷ ಪ್ಯಾರಿಸ್ಸಿನಲ್ಲಿ, ಹತ್ತೊಂಬತ್ತರ ಹರೆಯದ ಎಡ್ಮಂಡ್ ಬೆಕೆರೆಲ್ ತನ್ನ ತಂದೆಯ ಪ್ರಯೋಗಶಾಲೆಯಲ್ಲಿ ಒಂದು ವಿಚಿತ್ರವನ್ನು ಕಂಡ. ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದರೆ ವಿದ್ಯುತ್ ಹರಿಯುತ್ತಿತ್ತು. ಇದೇ ದ್ಯುತಿವಿದ್ಯುಜ್ಜನಕ ಪರಿಣಾಮ. (ವಿಕಿರಣಪಟುತ್ವವನ್ನು ಕಂಡುಹಿಡಿದ ಹೆನ್ರಿ ಬೆಕೆರೆಲ್ ಈತನ ಮಗ. ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬರೆಂದು ಬರೆಯುವುದುಂಟು.)

ಮುಂದೆ ಎಡ್ಮಂಡ್ ಬೆಕೆರೆಲ್ ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ. 1854ರಲ್ಲಿ ಅಲ್ಲಿಗೆ ಸಹಾಯಕನಾಗಿ ಬಂದು ಸೇರಿದವನು ಗ್ಯಾಸ್ಟನ್ ಪ್ಲಾಂಟೆ. ಅವನು 1859ರಲ್ಲಿ ಸೀಸದ ಎರಡು ಹಾಳೆಗಳನ್ನು, ಒಂದಕ್ಕೊಂದು ತಾಗದಂತೆ ನಡುವೆ ಪಟ್ಟಿಯಿಟ್ಟು, ಚಾಪೆಯಂತೆ ಸುತ್ತಿ, ದುರ್ಬಲ ಗಂಧಕಾಮ್ಲದಲ್ಲಿ ಇಳಿಬಿಟ್ಟ. ವಿದ್ಯುತ್ ಹಾಯಿಸಿದಾಗ ಅದು ಶಕ್ತಿಯನ್ನು ಹಿಡಿದಿಟ್ಟುಕೊಂಡು, ಬೇಕೆಂದಾಗ ಹಿಂದಿರುಗಿಸಿತು. ಮತ್ತೆ ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿ ಇದು. ಹೀಗೆ, ನಮ್ಮ ಹೊಲದ ಮನೆಯಲ್ಲಿ ಜೊತೆಯಾಗಿ ದುಡಿಯುವ ಎರಡು ಉಪಕರಣಗಳ ಮೂಲಪುರುಷರು ಒಂದೇ ವಿದ್ಯಾಲಯದಲ್ಲಿ ಕೆಲಸ ಮಾಡಿದವರು. ಎರಡನ್ನೂ ಜೋಡಿಸುವ ಯೋಚನೆ ಆಗ ಯಾರಿಗೂ ಬರುವಂತಿರಲಿಲ್ಲ. ಬೆಕೆರೆಲ್ ಕಂಡ ಪರಿಣಾಮದಿಂದ ಸಿಗುತ್ತಿದ್ದುದು ಅಳೆಯಲು ಸಾಕಾಗುವಷ್ಟು ವಿದ್ಯುತ್ ಮಾತ್ರ. ಪ್ಲಾಂಟೆ ತನ್ನ ಕೋಶವನ್ನು ತುಂಬಿಸಲು ಬೇರೆ ರಾಸಾಯನಿಕ ಕೋಶಗಳನ್ನೇ ಬಳಸಬೇಕಾಗಿತ್ತು. ಮನೆಯಲ್ಲಿ ನೀರು ತುಂಬಿಸಲು ಇನ್ನೊಂದು ಮನೆಯ ಕೊಡ ಖಾಲಿ ಮಾಡಿದ ಹಾಗೆ.

1881ರಲ್ಲಿ ಕಮೀಲ್ ಫೋರ್ ಎಂಬಾತ ಸೀಸದ ಹಾಳೆಗೆ ಸೀಸದ ಆಕ್ಸೈಡನ್ನು ಕಲಸಿ ಮೆತ್ತಿದ. ಪ್ಲಾಂಟೆಯ ಕೋಶವನ್ನು ತುಂಬಿಸಿ, ಬರಿದು ಮಾಡಿ ಹದಗೊಳಿಸಲು ತಿಂಗಳುಗಳು ಬೇಕಾಗುತ್ತಿದ್ದವು; ಫೋರ್ ವಿಧಾನದಲ್ಲಿ ಕೆಲವೇ ಗಂಟೆಗಳು ಸಾಕಾದವು. ಅಲ್ಲಿಂದ ಇಲ್ಲಿಯವರೆಗೆ ಸೀಸ-ಆಮ್ಲ ಬ್ಯಾಟರಿಯ ರಸಾಯನಶಾಸ್ತ್ರ ಬದಲಾಗಿಲ್ಲ. ಟ್ರ್ಯಾಕ್ಟರಿನಲ್ಲಿರುವುದೂ ಅದೇ, ಹೊಲದ ಮನೆಯಲ್ಲಿ ಮೊದಲು ಬಂದು ಕುಳಿತದ್ದೂ ಅದೇ.

ಫಲಕದ ಕಡೆ ಮಾತ್ರ ಬಹಳ ಕಾಲ ಕಾಯಬೇಕಾಯಿತು. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ ಕೋಶ ಮಾಡಿದರೂ ಅದರ ದಕ್ಷತೆ ಶೇಕಡ 1ರ ಆಸುಪಾಸು. ತಿರುವು ಬಂದದ್ದು ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿ ಡ್ಯಾರಿಲ್ ಚಾಪಿನ್ ಎಂಬ ಎಂಜಿನಿಯರಿಗೆ ಒಪ್ಪಿಸಿದ ಸಮಸ್ಯೆಯೇನು ಗೊತ್ತೆ? ಉಷ್ಣವಲಯದ ತೇವದ ಹವೆಯಲ್ಲಿ ದೂರವಾಣಿಯ ಶುಷ್ಕಕೋಶಗಳು ಬೇಗ ಕೆಟ್ಟುಹೋಗುತ್ತಿದ್ದವು. ಅದಕ್ಕೊಂದು ಬದಲಿ ಹುಡುಕಬೇಕಿತ್ತು. ಅಂದರೆ ಸಿಲಿಕಾನ್ ಸೌರಕೋಶದ ಹುಡುಕಾಟ ಆರಂಭವಾದದ್ದೇ ಬ್ಯಾಟರಿ ಕೈಕೊಟ್ಟಿದ್ದರಿಂದ! ಚಾಪಿನ್, ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ತಯಾರಿಸಿದ ಕೋಶವನ್ನು 1954ರ ಏಪ್ರಿಲ್ 25ರಂದು ಪ್ರದರ್ಶಿಸಲಾಯಿತು. ದಕ್ಷತೆ ಸುಮಾರು ಶೇಕಡ 6. ಬೆಲೆಯ ಮಾತು ಬೇರೆ: ಒಂದು ವಾಟ್‌ಗೆ 286 ಡಾಲರ್ ಬೀಳುತ್ತದೆಂದು 1956ರಲ್ಲಿ ಚಾಪಿನ್ ಅವರೇ ಲೆಕ್ಕ ಹಾಕಿದರು. ಆದ್ದರಿಂದ ಅದು ಮನೆಯ ಮಾಳಿಗೆಗೆ ಏರುವ ಮೊದಲು ಆಕಾಶಕ್ಕೇ ಏರಿತು. 1958ರ ಮಾರ್ಚಿಯಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಸೌರಕೋಶಗಳಿದ್ದವು.

ಭಾರತದಲ್ಲಿ ಸಾಹಿಬಾಬಾದಿನ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1977ರಲ್ಲಿ ಸೌರಕೋಶ ತಯಾರಿಸಿತು. ಮುಂದೆ ಬೆಂಗಳೂರಿನಲ್ಲಿ ಬಿ.ಎಚ್.ಇ.ಎಲ್. ಮತ್ತು 1989ರಲ್ಲಿ ಆರಂಭವಾದ ಟಾಟಾ ಬಿ.ಪಿ. ಸೋಲಾರ್ ಈ ಕೆಲಸಕ್ಕೆ ಇಳಿದವು.

'ವಿದ್ಯುದೀಕೃತ' ಎಂದರೇನು?

ಈಗ ಬೈಲಹೊಂಗಲಕ್ಕೆ ಬರೋಣ. ಫಲಕ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದರೂ ಈ ಸೀಮೆಯ ಮನೆಗೆ ಅದು ಏಕೆ ಬೇಕಾಯಿತು? ಹಳ್ಳಿಗಳಿಗೆ ಕಂಬಗಳು ಬಂದಿರಲಿಲ್ಲವೆ?

ಬಂದಿದ್ದವು, ಆದರೆ ಒಂದು ಸ್ವಾರಸ್ಯವಿತ್ತು. 1997ರವರೆಗೆ ನಮ್ಮ ದೇಶದಲ್ಲಿ ಒಂದು ಹಳ್ಳಿಯ ಕಂದಾಯ ಸೀಮೆಯೊಳಗೆ ಯಾವುದೇ ಉದ್ದೇಶಕ್ಕೆ ವಿದ್ಯುತ್ ಬಳಸಿದರೂ ಆ ಹಳ್ಳಿ 'ವಿದ್ಯುದೀಕೃತ'. ಊರಾಚೆಯ ಹೊಲದಲ್ಲಿ ಒಂದು ಪಂಪ್‌ಸೆಟ್ ತಿರುಗಿದರೆ ಸಾಕು. ಊರಿನೊಳಗೆ ಒಂದು ಬಲ್ಬೂ ಬೆಳಗಬೇಕಾಗಿರಲಿಲ್ಲ. 1997ರಲ್ಲಿ, ವಿದ್ಯುತ್ತನ್ನು ಜನವಸತಿಯೊಳಗೆ ಬಳಸಬೇಕೆಂದು ತಿದ್ದಲಾಯಿತು. 2004ರ ವ್ಯಾಖ್ಯೆಯಲ್ಲಿ ಶಾಲೆ, ಪಂಚಾಯಿತಿಯಂಥ ಸಾರ್ವಜನಿಕ ಸ್ಥಳಗಳ ಜೊತೆಗೆ ಕನಿಷ್ಠ ಶೇಕಡ 10 ಮನೆಗಳಿಗಾದರೂ ಸಂಪರ್ಕವಿರಬೇಕೆಂಬ ಷರತ್ತು ಸೇರಿತು. ಉಳಿದ ತೊಂಬತ್ತು ಮನೆಗಳು ಕತ್ತಲಲ್ಲಿದ್ದರೂ ಕಾಗದದಲ್ಲಿ ಊರು ಬೆಳಗುತ್ತಿತ್ತು.

1980ರ ಸುಮಾರಿನಿಂದ ನಡೆದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಕೊಟ್ಟಿತು. ಸಂಪರ್ಕ ಬಂದರೂ ಕರೆಂಟ್ ಬರಬೇಕಲ್ಲ? ಹೊಲದ ಮೋಟಾರುಗಳಿಗೆ ಮೂರು ಫೇಸ್ ಕೊಡುವ ಹೊತ್ತು ಬೇರೆ, ಮನೆಗೆ ಒಂದು ಫೇಸ್ ಕೊಡುವ ಹೊತ್ತು ಬೇರೆ. ಮಕ್ಕಳು ಓದಲು ಕೂರುವ ಸಂಜೆ ಏಳರಿಂದ ಹತ್ತರ ನಡುವೆ ಬೇಡಿಕೆ ಹೆಚ್ಚು, ಆದ್ದರಿಂದ ಕಡಿತವೂ ಹೆಚ್ಚು. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಹಗಲಿಗೇ ಬೆಳಕಿಂಡಿಯೊಂದೇ ಗತಿ. ರಾತ್ರಿಗೆ ಕಂದೀಲು, ಚಿಮಣಿ. ಈ ಸೀಮೆಯಲ್ಲಿ ಸೀಮೆಎಣ್ಣೆಗೆ ಚಿಮಣಿ ಎಣ್ಣಿ ಎಂದೇ ಹೆಸರಿರುವುದು ಎಷ್ಟು ಕಾಲ ಅದೇ ಬೆಳಕಾಗಿತ್ತೆಂಬುದನ್ನು ಹೇಳುತ್ತದೆ. ರಾಮದುರ್ಗದ ನೇಕಾರನಿಗೆ ಎಳೆ ಕಡಿದರೆ ಆ ಬೆಳಕಿನಲ್ಲಿ ಅದು ಕಾಣಬೇಕಿತ್ತು.

ಸಾಲ ಕೊಟ್ಟ ಬ್ಯಾಂಕು

ಉಡುಪಿ ಸೀಮೆಯ ಮೂಲದ ಹರೀಶ್ ಹಂದೆ ಖರಗ್‌ಪುರದ ಐ.ಐ.ಟಿ.ಯಲ್ಲಿ ಶಕ್ತಿ ಎಂಜಿನಿಯರಿಂಗ್ ಓದಿ, ಉನ್ನತ ವ್ಯಾಸಂಗಕ್ಕೆ ಅಮೆರಿಕದ ಮ್ಯಾಸಚೂಸೆಟ್ಸಿಗೆ ಹೋದವರು. 1990ರ ದಶಕದ ಆರಂಭದಲ್ಲಿ ಅವರು ಡೊಮಿನಿಕನ್ ಗಣರಾಜ್ಯದ ಹಳ್ಳಿಗಳಲ್ಲಿ ಬಡ ಕುಟುಂಬಗಳು ಹಣ ಕೊಟ್ಟು ಸೌರದೀಪ ಹಾಕಿಸಿಕೊಂಡದ್ದನ್ನು ಕಂಡರು. ಅಲ್ಲಿ ರಿಚರ್ಡ್ ಹ್ಯಾನ್ಸನ್ ಎಂಬ ಎಂಜಿನಿಯರ್ 1984ರಿಂದ ಈ ಕೆಲಸ ಮಾಡುತ್ತಿದ್ದರು. ಹಿಂದಿರುಗಿದ ಹಂದೆ, ನೆವಿಲ್ ವಿಲಿಯಮ್ಸ್ ಅವರೊಡನೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆಯನ್ನು ಆರಂಭಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದದ್ದು ನಿಮಗೆ ನೆನಪಿರಬಹುದು.

ನಾಲ್ಕು ದೀಪದ ಒಂದು ವ್ಯವಸ್ಥೆಗೆ ಆ ಕಾಲದಲ್ಲಿ ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಹತ್ತಿ, ಜೋಳ ಬೆಳೆಯುವ ಒಣಬೇಸಾಯದ ಮನೆಯಲ್ಲಿ ಅಷ್ಟು ಹಣ ಒಟ್ಟಿಗೆ ಎಲ್ಲಿಂದ ಬರಬೇಕು? ಚಿಮಣಿ ಎಣ್ಣೆಗೆ ದಿನವೂ ಚಿಲ್ಲರೆ ಹೋಗುತ್ತಿತ್ತು, ನಿಜ. ಆದರೆ ಚಿಲ್ಲರೆಯಿಂದ ಫಲಕ ಕೊಳ್ಳಲಾಗದು. ಇಲ್ಲಿ ಪ್ರವೇಶಿಸಿದ್ದು ಬ್ಯಾಂಕು. ಸಿಂಡಿಕೇಟ್ ಬ್ಯಾಂಕ್ ಪ್ರಾಯೋಜಿಸಿದ್ದ, ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕ್ 1976ರಲ್ಲಿ ಹುಟ್ಟಿತ್ತು. ಧಾರವಾಡ, ಬೆಳಗಾವಿ ಸೀಮೆ ಅದರ ಕಾರ್ಯಕ್ಷೇತ್ರ. ಸೌರದೀಪಕ್ಕೆ ಸಾಲ ಕೊಡಲು ಮೊದಮೊದಲು ಮುಂದೆ ಬಂದ ಬ್ಯಾಂಕುಗಳಲ್ಲಿ ಇದೂ ಒಂದು. ಎಮ್ಮೆಗೆ, ಪಂಪ್‌ಸೆಟ್ಟಿಗೆ ಸಾಲ ಕೊಟ್ಟು ಅಭ್ಯಾಸವಿದ್ದ ಗ್ರಾಮೀಣ ವ್ಯವಸ್ಥಾಪಕರಿಗೆ ದೀಪಕ್ಕೆ ಸಾಲವೆಂಬುದು ಹೊಸತು. ದೀಪ ಹಾಲು ಕೊಡುವುದಿಲ್ಲ, ಕಂತು ಹೇಗೆ ಬರುತ್ತದೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಉತ್ತರ ಕಂತಿನ ಲೆಕ್ಕದಲ್ಲಿತ್ತು. ಬೀದಿ ವ್ಯಾಪಾರಿಗೆ ದಿನಕ್ಕೆ ಹತ್ತು ರೂಪಾಯಿ ಸುಲಭ, ತಿಂಗಳಿಗೆ ಮುನ್ನೂರು ಕಷ್ಟ ಎಂದು ಹಂದೆ ಹೇಳುತ್ತ ಬಂದಿದ್ದಾರೆ. ಎರಡೂ ಒಂದೇ ಮೊತ್ತವಲ್ಲವೆ ಎಂದು ಗಣಿತದ ಮೇಷ್ಟರು ಕೇಳಬಹುದು. ಸಂತೆಗೆ ಹೋಗುವವರು ಕೇಳುವುದಿಲ್ಲ. ಹಾಗೆಯೇ ರೈತನ ಕೈಗೆ ಹಣ ಬರುವುದು ಸುಗ್ಗಿಯ ನಂತರ, ಕಂತೂ ಆಗಲೇ ಬರಬೇಕು.

2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ದಕ್ಷಿಣ ಭಾರತದಲ್ಲಿ ಸೌರಸಾಲದ ಕಾರ್ಯಕ್ರಮ ಆರಂಭಿಸಿತು. ಫಲಕದ ಬೆಲೆಯನ್ನು ಅದು ಇಳಿಸಲಿಲ್ಲ, ಸಾಲದ ಬಡ್ಡಿಯ ಒಂದು ಪಾಲನ್ನು ಭರಿಸಿತು. ಆ ಪಾಲನ್ನೂ ಕ್ರಮೇಣ ಕಡಿಮೆ ಮಾಡುತ್ತ ಬಂದಿತು. ನಾಲ್ಕು ವರ್ಷಗಳಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ಮನೆಗಳು ಹೀಗೆ ಸಾಲ ಪಡೆದವು. ಪುಕ್ಕಟೆ ಹಂಚಿಕೆಗಿಂತ ಇದು ಮೇಲೆಂದು ನನ್ನ ಅಭಿಪ್ರಾಯ. ಸಾಲ ತೀರುವವರೆಗೆ ಮೂರು ಜನರಿಗೆ ಆ ಬ್ಯಾಟರಿಯ ಯೋಗಕ್ಷೇಮ ಬೇಕಿರುತ್ತದೆ: ಮನೆಯವರಿಗೆ, ಮಾರಿದವರಿಗೆ, ಬ್ಯಾಂಕಿನವರಿಗೆ. ದೀಪ ಆರಿದರೆ ಕಂತೂ ನಿಲ್ಲುತ್ತದೆ. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೆ ಸೇರಿಹೋಯಿತು. ಅದೂ 2025ರ ಮೇ ತಿಂಗಳಿನಲ್ಲಿ ರಾಜ್ಯದ ಒಂದೇ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು.

ಮೂರು ರಾತ್ರಿಯ ಲೆಕ್ಕ

ಆ ಕಾಲದ ನಾಲ್ಕು ದೀಪದ ವ್ಯವಸ್ಥೆಯನ್ನು ತರಗತಿಯಲ್ಲಿ ಲೆಕ್ಕ ಮಾಡಿ ನೋಡಿ. 37 ವಾಟ್‌ನ ಫಲಕ. ನಮ್ಮ ಸೀಮೆಯಲ್ಲಿ ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಪೂರ್ಣ ಪ್ರಖರತೆಯ ಸುಮಾರು 5 ಗಂಟೆಗಳಿಗೆ ಸಮ. 37 × 5 = 185 ವಾಟ್-ಗಂಟೆ. ಬ್ಯಾಟರಿಗೆ ಹೋಗಿ ಬರುವಷ್ಟರಲ್ಲಿ ಮೂರನೆಯ ಒಂದು ಪಾಲಿನಷ್ಟು ಸೋರಿಹೋಗುತ್ತದೆ ಎನ್ನಿ, ಉಳಿದದ್ದು 125. ಏಳು ವಾಟ್‌ನ ನಾಲ್ಕು ಸಿ.ಎಫ್.ಎಲ್. ದೀಪಗಳು ನಾಲ್ಕು ಗಂಟೆ ಉರಿದರೆ 112. ಸರಿಹೋಯಿತು.

ಆದರೆ ಜೂನ್-ಜುಲೈಯಲ್ಲಿ? ಕಿತ್ತೂರಿನ ಕಡೆ ಮಳೆ ಹಿಡಿದರೆ ಸೂರ್ಯ ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಸವದತ್ತಿ, ರಾಮದುರ್ಗ ಅಷ್ಟು ಮಳೆಯ ಸೀಮೆಗಳಲ್ಲದಿದ್ದರೂ ಅಲ್ಲಿಯೂ ಮೋಡ ಕವಿದಿರುತ್ತದೆ. ಅದಕ್ಕೇ 12 ವೋಲ್ಟ್, 60 ಆಂಪೇರ್-ಗಂಟೆಯ ಬ್ಯಾಟರಿ. ಗುಣಿಸಿದರೆ 720 ವಾಟ್-ಗಂಟೆ. ಇದರಲ್ಲಿ ಅರ್ಧವನ್ನಷ್ಟೇ ತೆಗೆಯಬೇಕು ಎಂಬುದು ನಿಯಮ. 360ನ್ನು 112ರಿಂದ ಭಾಗಿಸಿ: ಮೂರು ರಾತ್ರಿ. ಮೋಡ ಕವಿದ ಮೂರು ದಿನ ಆ ಮನೆ ಬ್ಯಾಟರಿಯ ಉಳಿತಾಯದ ಮೇಲೆ ಬದುಕುತ್ತದೆ.

ಫಲಕವನ್ನು ಹೇಗೆ ಇಡಬೇಕೆಂಬುದೂ ಒಳ್ಳೆಯ ಪಾಠ. ಬೈಲಹೊಂಗಲದ ಅಕ್ಷಾಂಶ ಸುಮಾರು 15.8 ಡಿಗ್ರಿ ಉತ್ತರ. ಆದ್ದರಿಂದ ಫಲಕ ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಓರೆಯಾಗಿರುತ್ತದೆ. ಆದರೆ ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಿನ ಸೂರ್ಯ ಇಲ್ಲಿ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿದರೆ ಆ ದಿನಗಳ ನಡುಹಗಲಲ್ಲಿ ನೆರಳು ದಕ್ಷಿಣಕ್ಕೆ ಬೀಳುತ್ತದೆ. (ನಮ್ಮ ರೇಖಾಂಶದಲ್ಲಿ ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ.) ಮಳೆಗಾಲದಲ್ಲಿ ಮೋಡವೂ ಇರುತ್ತದೆ, ಫಲಕದ ಓರೆಯೂ ಅನುಕೂಲವಲ್ಲ. ಎಲ್ಲ ಭಾರವೂ ಬ್ಯಾಟರಿಯ ಮೇಲೆಯೇ.

ಬ್ಯಾಟರಿ ಸಾಯುವುದು ಹೇಗೆ

ಸೀಸ-ಆಮ್ಲ ಬ್ಯಾಟರಿ ಬರಿದಾಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ಬೇಗನೆ ಮರಳಿ ತುಂಬಿಸಿದರೆ ಸಲ್ಫೇಟ್ ಕರಗಿ ಮೊದಲಿನ ಸ್ಥಿತಿ ಬರುತ್ತದೆ. ಅರೆಬರಿದಾಗಿಯೇ ದಿನಗಟ್ಟಲೆ ಬಿಟ್ಟರೆ ಆ ಹರಳುಗಳು ದೊಡ್ಡದಾಗಿ, ಗಟ್ಟಿಯಾಗಿ ಕೂಡುತ್ತವೆ, ಮತ್ತೆ ಕರಗುವುದಿಲ್ಲ. ಪ್ರತಿಸಲವೂ ಸ್ವಲ್ಪ ಸ್ವಲ್ಪ ಸಾಮರ್ಥ್ಯ ಶಾಶ್ವತವಾಗಿ ಹೋಗುತ್ತದೆ.

ಇದನ್ನು ತಡೆಯಲೆಂದೇ ಫಲಕ ಮತ್ತು ಬ್ಯಾಟರಿಯ ನಡುವೆ ಒಂದು ನಿಯಂತ್ರಕ ಇರುತ್ತದೆ. ಬ್ಯಾಟರಿ ತೀರ ಇಳಿದಾಗ ಅದು ಕೆಂಪು ದೀಪ ತೋರಿಸಿ ಸಂಪರ್ಕ ಕಡಿದುಬಿಡುತ್ತದೆ. ಆದರೆ ಟಿ.ವಿ.ಯಲ್ಲಿ ಪಂದ್ಯ ಮುಗಿದಿರುವುದಿಲ್ಲ! ನಿಯಂತ್ರಕವನ್ನು ಬಿಟ್ಟು ಬ್ಯಾಟರಿಯ ಬಾಯಿಗೇ ನೇರವಾಗಿ ತಂತಿ ಹಾಕುವ ಜಾಣರು ಎಲ್ಲ ಊರಿನಲ್ಲಿಯೂ ಇದ್ದಾರೆ. ಆ ರಾತ್ರಿ ಪಂದ್ಯ ಕಾಣುತ್ತದೆ, ಬ್ಯಾಟರಿಯ ಆಯುಷ್ಯದಲ್ಲಿ ತಿಂಗಳುಗಳು ಕಳೆಯುತ್ತವೆ. ಇನ್ನು ಬಟ್ಟಿ ಇಳಿಸಿದ ನೀರಿನ ಬದಲು ಬೋರಿನ ನೀರು ಸುರಿಯುವುದು. ಬಯಲುಸೀಮೆಯ ಬೋರಿನ ನೀರಿನಲ್ಲಿ ಕರಗಿರುವ ಲವಣಗಳೆಷ್ಟೆಂಬುದು ಕುದಿಸಿದ ಪಾತ್ರೆಯ ತಳ ನೋಡಿದರೇ ತಿಳಿಯುತ್ತದೆ. ಶಾಖವೂ ಶತ್ರುವೇ: ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಂತ್ರಜ್ಞರ ಸ್ಥೂಲ ನಿಯಮ. ಈ ಒಂದು ವಿಷಯದಲ್ಲಿ ಹಳೆಯ ಮಣ್ಣಿನ ಮಾಳಿಗೆ ತಗಡಿನ ಛಾವಣಿಗಿಂತ ಎಷ್ಟೋ ಮೇಲು.

ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಚೆನ್ನಾಗಿ ನೋಡಿಕೊಂಡ ಟ್ಯೂಬುಲರ್ ಬ್ಯಾಟರಿ ಐದಾರು ವರ್ಷ. ಅಂದರೆ ಒಂದು ಫಲಕದ ಆಯುಷ್ಯದಲ್ಲಿ ನಾಲ್ಕೈದು ಬ್ಯಾಟರಿಗಳು. ಮೊದಲನೆಯದಕ್ಕೆ ಬ್ಯಾಂಕು ಸಾಲ ಕೊಟ್ಟಿತ್ತು. ಎರಡನೆಯದಕ್ಕೆ? ಮನೆಯ ದೀಪ ಉಳಿಯುವುದೋ ಆರುವುದೋ ಎಂಬುದು ತೀರ್ಮಾನವಾದದ್ದು ಆ ಎರಡನೆಯ ಬ್ಯಾಟರಿಯ ಹೊತ್ತಿಗೆ. ಸತ್ತ ಬ್ಯಾಟರಿ ಗುಜರಿಗೆ ಹೋಯಿತು, ಫಲಕ ಮಾಳಿಗೆಯ ಮೇಲೆ ಧೂಳು ಹಿಡಿಯಿತು. ಗುಜರಿಗೆ ಹೋದದ್ದು ಸಣ್ಣ ವಿಷಯವೇನಲ್ಲ. ಸೀಸ ನರಮಂಡಲಕ್ಕೆ ವಿಷ, ಮಕ್ಕಳಿಗಂತೂ ಹೆಚ್ಚು. ಹಳೆಯ ಬ್ಯಾಟರಿಯನ್ನು ಮಾರಾಟಗಾರರೇ ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು. 2022ರ ನಿಯಮಗಳು ಆ ಹೊಣೆಯನ್ನು ಎಲ್ಲ ಬಗೆಯ ಬ್ಯಾಟರಿಗಳ ತಯಾರಕರ ಮೇಲೆ ಹೊರಿಸಿದವು.

ತಂತಿ ಬಂದ ಮೇಲೆ

2010ರಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಆರಂಭವಾದಾಗ ಮನೆದೀಪಗಳಿಗೂ ಸಹಾಯಧನ ಸಿಕ್ಕಿತು. ಅದೇ ಸುಮಾರಿಗೆ ನಮ್ಮ ಜಿಲ್ಲೆಯ ಚಿಕ್ಕೋಡಿ ಸೀಮೆಯ ಇಟ್ನಾಳದಲ್ಲಿ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವಾಟ್‌ನ ಸೌರಸ್ಥಾವರ ಕಟ್ಟಿತು. ಇಟ್ನಾಳದ ಫಲಕಗಳಿಗೂ ಹೊಲದ ಮನೆಯ ಫಲಕಕ್ಕೂ ತತ್ತ್ವ ಒಂದೇ. ಆದರೆ ಅಲ್ಲಿ ಬ್ಯಾಟರಿ ಬೇಡ. ವಿದ್ಯುತ್ ನೇರವಾಗಿ ಜಾಲಕ್ಕೆ ಹೋಗುತ್ತದೆ. 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಮಾಳಿಗೆ ಫಲಕಗಳೂ ಜಾಲಕ್ಕೆ ಜೋಡಿಸಿದವೇ. ಇಲ್ಲೊಂದು ಅಂಶವನ್ನು ಗಮನಿಸಿ. ಕಂಬದಲ್ಲಿ ಕರೆಂಟ್ ಹೋದರೆ, ಬ್ಯಾಟರಿ ಇಲ್ಲದ ಇಂಥ ಫಲಕಗಳು ಸುಡುಬಿಸಿಲಿನಲ್ಲಿಯೂ ತಾವಾಗಿ ನಿಂತುಬಿಡುತ್ತವೆ. ತಂತಿಯಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಈ ಏರ್ಪಾಟು. ಮನೆಯ ಮೇಲೆ ಫಲಕವಿದ್ದೂ ಮನೆಯೊಳಗೆ ಕತ್ತಲೇಕೆ ಎಂದು ವಿದ್ಯಾರ್ಥಿಗಳು ಕೇಳಿದರೆ ಉತ್ತರ ಇದು.

2017ರ ಸೌಭಾಗ್ಯ ಯೋಜನೆ ಉಳಿದ ಮನೆಗಳಿಗೆ ಸಂಪರ್ಕ ಕೊಡಲು ಹೊರಟಿತು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಊರೊಳಗಿನ ಬಹುಪಾಲು ಮನೆಗಳಿಗೆ ಬಿಲ್ಲೂ ಇಲ್ಲವಾಯಿತು. ಅದಕ್ಕೂ ಮೊದಲೇ ನಿರಂತರ ಜ್ಯೋತಿ ಯೋಜನೆ ಊರಿನ ಮಾರ್ಗವನ್ನು ಪಂಪ್‌ಸೆಟ್ಟಿನ ಮಾರ್ಗದಿಂದ ಬೇರ್ಪಡಿಸಿತ್ತು. ಊರಿಗೆ ಒಳ್ಳೆಯದಾಯಿತು. ಹೊಲದ ಮನೆ ಮಾತ್ರ ಪಂಪ್‌ಸೆಟ್ಟಿನ ಮಾರ್ಗದಲ್ಲೇ ಉಳಿಯಿತು. ಮೋಟಾರಿಗೆ ಕರೆಂಟ್ ಇದ್ದಷ್ಟು ಹೊತ್ತೇ ಅದಕ್ಕೂ ಭರವಸೆ. 1997ಕ್ಕೆ ಮುಂಚೆ ಹೊಲದ ಪಂಪ್ ತಿರುಗಿ ಊರು ಕತ್ತಲಲ್ಲಿದ್ದರೂ 'ವಿದ್ಯುದೀಕೃತ' ಎನ್ನುತ್ತಿದ್ದರಲ್ಲ, ಈಗ ಊರು ಬೆಳಗಿ ಹೊಲದ ಮನೆ ಕತ್ತಲಲ್ಲಿದ್ದರೂ ಅದೇ ಮಾತು. ತೋಟದ ಮನೆಗಳಿಗೆ ರಾತ್ರಿ ಸಿಂಗಲ್ ಫೇಸ್ ಕೊಡಿ ಎಂಬ ಬೇಡಿಕೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಕೇಳಿಬರುತ್ತದೆ.

ಈ ನಡುವೆ ಬ್ಯಾಟರಿಯ ಹೊರೆಯನ್ನು ಹಗುರ ಮಾಡಿದ್ದು ದೀಪ. ಏಳು ವಾಟ್‌ನ ಸಿ.ಎಫ್.ಎಲ್. ಇದ್ದಲ್ಲಿ ಮೂರು ವಾಟ್‌ನ ಎಲ್.ಇ.ಡಿ. ಬಂತು. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿ: ನಾಲ್ಕು ದೀಪ, ನಾಲ್ಕು ಗಂಟೆ, 48 ವಾಟ್-ಗಂಟೆ. ಅದೇ ಬ್ಯಾಟರಿ ಈಗ ಮೂರು ರಾತ್ರಿಯ ಬದಲು ಏಳು ರಾತ್ರಿ ಕಾಯುತ್ತದೆ. ಫಲಕದ ಬೆಲೆಯೂ 2000ದ ದಶಕದಲ್ಲಿದ್ದ ನೂರೈವತ್ತು-ಇನ್ನೂರು ರೂಪಾಯಿಯಿಂದ ಇಂದು ವಾಟ್‌ಗೆ ಮೂವತ್ತರ ಆಸುಪಾಸಿಗೆ ಇಳಿದಿದೆ. ಬ್ಯಾಟರಿಯಲ್ಲಿ ಲಿಥಿಯಮ್ ಕಬ್ಬಿಣ ಫಾಸ್ಫೇಟ್ ಬಂದಿದೆ. 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡೆನಫ್ ಮುಂತಾದವರು ಪ್ರಕಟಿಸಿದ ಸಂಶೋಧನೆಯ ಫಲ ಅದು. (ಗುಡೆನಫ್ ಅವರಿಗೆ 2019ರ ನೊಬೆಲ್ ಸಂದಿತು.) ಅದಕ್ಕೆ ನೀರು ಬೇಡ, ಅರ್ಧಕ್ಕಿಂತ ಹೆಚ್ಚು ಬರಿದಾದರೂ ಸಹಿಸುತ್ತದೆ, ಸಾವಿರಾರು ಸಲ ತುಂಬಿ ಬರಿದಾಗಬಲ್ಲದು. ಮೊದಲ ಬೆಲೆ ಮಾತ್ರ ಈಗಲೂ ಸೀಸಕ್ಕಿಂತ ಹೆಚ್ಚು. ಆದ್ದರಿಂದ ಹೊಲದ ಮನೆಗಳಲ್ಲಿ ಎರಡೂ ಬಗೆಗಳು ಕಾಣಸಿಗುತ್ತವೆ.

ನಿಮ್ಮ ಶಾಲೆಯಲ್ಲಿ ಕಂಪ್ಯೂಟರಿಗೆ ಯು.ಪಿ.ಎಸ್. ಇದ್ದರೆ ಅದರ ಬ್ಯಾಟರಿ ಬಹುಶಃ ಪ್ಲಾಂಟೆಯ ಸಂತತಿಯದೇ. ಮುಚ್ಚಳ ತೆಗೆಯಲು ಬರುವಂಥ ಬ್ಯಾಟರಿಯಾದರೆ, ಕನ್ನಡಕ ಮತ್ತು ರಬ್ಬರ್ ಕೈಗವಸು ಹಾಕಿಕೊಂಡು, ಶಿಕ್ಷಕರೇ ಹೈಡ್ರೋಮೀಟರಿನಿಂದ ಒಂದೊಂದು ಕೋಶದ ಆಮ್ಲವನ್ನು ಅಳೆಯಲಿ, ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಪೂರ್ಣ ತುಂಬಿದಾಗ ಸಾಪೇಕ್ಷ ಸಾಂದ್ರತೆ 1.24ರ ಸುಮಾರಿಗೆ ಇರಬೇಕು, 1.15ಕ್ಕಿಂತ ಇಳಿದಿದ್ದರೆ ಕೂಡಲೇ ತುಂಬಿಸಬೇಕು. ಆರು ಕೋಶಗಳಲ್ಲಿ ಐದು ಒಂದೇ ಅಳತೆ ತೋರಿಸಿ ಒಂದು ಮಾತ್ರ ತೀರ ಕೆಳಗಿದ್ದರೆ, ಕೆಟ್ಟ ಕೋಶ ಅದು. ಹೊಲದ ಮನೆಯಿಂದ ಶಾಲೆಗೆ ಬರುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ, ಅವರ ಮನೆಯ ಬ್ಯಾಟರಿ ಯಾವ ವರ್ಷದ್ದು, ಎಷ್ಟನೆಯದು ಎಂದು ಕೇಳಿ ಬರೆದಿಡಿ.